ಅತ್ತೆ ಸೊಸೆಯ ಹಸಿರು

ಆನೆಗೊಂದಿ ನೋಡಲು ಬಂದ ಪರದೇಶದ ಅತ್ತೆ ಸೊಸೆಯನ್ನು ಆಟೋದವನು ಗಂಗಾವತಿಯ ನಮ್ಮ ಬಳೆ ಅಂಗಡಿಗೆ ಕರೆತಂದಿದ್ದ. ಸೊಸೆ ಆರು ತಿಂಗಳ ಬಸುರಿ. ಆರಿಸಿದ್ದು ಮಾತ್ರ ಕಪ್ಪು ಬಳೆ.

"ಬಸುರಿ ಕೈಗೆ ಕರೇ ಬಳಿ ನಾ ಇಡಂಗಿಲ್ಲ. ಬ್ಯಾರೆ ಅಂಗಡಿ ತೋರಸು," ಎಂದೆ.

"ಬಂದ ಗಿರಾಕಿನ್ನ ಓಡಸ್ತಿಯಲ್ಲಕ್ಕಾ!" ಎಂದು ಅವನು ತಲೆ ಚಚ್ಚಿಕೊಂಡ. ಅತ್ತೆಯ ಮುಖವೂ ಗಂಟಾಯಿತು.

ನಾನು ಹಸಿರು ಬಳೆ ತೆಗೆದು, ತೊಡೆಯ ಮೇಲಿದ್ದ ಮಗಳನ್ನು ತೋರಿಸಿ, ಇವಳು ಹೊಟ್ಟೆಯಲ್ಲಿದ್ದಾಗ ಮೊಣಕೈವರೆಗೂ ಇದನ್ನೇ ತೊಟ್ಟಿದ್ದೆ ಎಂದು ಕೈಸನ್ನೆ ಮಾಡಿದೆ.

ಸೊಸೆ ಅತ್ತೆಯ ಕಡೆ ತಿರುಗಿ, "ವೆರ್ದೆ?" ಎಂದಳು.

"ವೆರ್!" ಎಂದ ಅತ್ತೆ, ಕಪ್ಪು ಬಳೆಗಳನ್ನು ತಾನೇ ಡಬ್ಬಿಗೆ ಹಾಕಿ, ಸೊಸೆಯ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು.

"ಹಸಿರಿಗೆ ಹಂಗಂತಾರೇನು?" ಎಂದು ಆಟೋದವನನ್ನು ಕೇಳಿದೆ.

"ಹೂನಕ್ಕ. ಸೊಸಿ ಇಟಲಿಯಾಕಿ, ಅತ್ತಿ ಫ್ರಾನ್ಸಿನಾಕಿ. ತಮ್ಮ ತಮ್ಮ ಭಾಷಾದಾಗ ಮಾತಾಡ್ತಾರ, ಇಬ್ರಿಗೂ ತಿಳೀತೈತಿ."

ಬಳೆ ಇಡುತ್ತಾ ಇಬ್ಬರನ್ನೂ ಕಣ್ತುಂಬ ನೋಡಿದೆ. ನಾನೂ ನಮ್ಮತ್ತೆಯೂ ಐದು ವರ್ಷದಿಂದ ಒಂದೇ ಕನ್ನಡ ಆಡುತ್ತಿದ್ದೇವೆ. ಒಬ್ಬರ ಮಾತು ಇನ್ನೊಬ್ಬರಿಗೆ ಇನ್ನೂ ತಿಳಿದಿಲ್ಲ.