ಅಳಿಯನಿಗೆ ಅಪರಿಚಿತಳಾಗುವ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟರ್ಕಿ ಕೋಳಿ ಫಾರ್ಮಿನ ಹಿಂದಿನ ಅಂಗಳಕ್ಕೆ ಒಬ್ಬ ಹೆಂಗಸು ಗಂಡನ ಹಳೆಯ ರೇನ್‌ಕೋಟ್ ತೊಟ್ಟು, ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಅಗಲವಾದ ಹಲಗೆಯೊಂದನ್ನು ಹಿಡಿದು ಬರುತ್ತಾಳೆ. ಮಳೆಯ ಸುಳಿವೇ ಇಲ್ಲ. ಎದುರಿಗೆ ಭಾರಿ ಗಂಡು ಟರ್ಕಿಯೊಂದು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯ ತುದಿಗಳನ್ನು ನೆಲಕ್ಕೆ ಉಜ್ಜುತ್ತಾ ನಿಂತಿದೆ. ನೀಲಿಯಾಗಿದ್ದ ತಲೆ ನೋಡನೋಡುತ್ತಲೇ ಕೆಂಪೇರುತ್ತದೆ. ಹಾರಿ ಒದೆಯುತ್ತದೆ, ಏಟು ಹಲಗೆಗೆ ಬೀಳುತ್ತದೆ. ಆಕೆ ಹಿಂದೆ ಸರಿಯುವುದಿಲ್ಲ, ಬೈಯುವುದೂ ಇಲ್ಲ. ಅದು ಬೇಲಿಯ ಮೂಲೆ ಸೇರುವವರೆಗೂ ಒಂದೊಂದೇ ಹೆಜ್ಜೆ ಮುಂದಿಡುತ್ತಾಳೆ. ಒಂದು ಮಾತಿಲ್ಲ.

ಆ ಮೌನವೇ ವಿಶೇಷ. ಫಾರ್ಮಿನವರೆಲ್ಲ ಕೋಳಿಯಕ್ಕ ಎಂದು ಕರೆಯುವ ಈಕೆಗೆ ಬಾಯಿ ಮುಚ್ಚಿ ಅಭ್ಯಾಸವೇ ಇಲ್ಲ. ನೀರಿನ ಪೈಪಿನ ಜೊತೆಗೂ ಕಷ್ಟಸುಖ ಮಾತಾಡುತ್ತಾಳೆಂದು ಜೊತೆಗಾರರು ಆಡಿಕೊಳ್ಳುತ್ತಾರೆ. ಶೆಡ್ಡು ಗುಡಿಸುವುದು, ಮೇವು ಹಾಕುವುದು, ಕುಂಟುವ ಹಕ್ಕಿಯನ್ನು ಹೆಕ್ಕಿ ಬೇರೆ ಇಡುವುದು ಎಲ್ಲವೂ ಮಾತಿನ ಮೇಲೆಯೇ ನಡೆಯುತ್ತದೆ. ಈ ಅಂಗಳದ ಬಾಗಿಲು ದಾಟಿದರೆ ಮಾತ್ರ ತುಟಿ ಹೊಲಿದಂತೆ.

ಹೋದ ವರ್ಷ ಮೊಟ್ಟೆಗೆ ಕಾವು ಕೊಡುವ ಯಂತ್ರ ಕೆಟ್ಟು ಒಂದು ತಂಡದ ಮೊಟ್ಟೆಗಳೆಲ್ಲ ಹಾಳಾದವು. ಚಿಪ್ಪೊಡೆದು ಹೊರಬಂದದ್ದು ಅಂಗಳದ ಈ ಗಂಡು ಟರ್ಕಿಯೊಂದೇ. ಟರ್ಕಿ ಮರಿ ಒಂಟಿಯಾದರೆ ತಿನ್ನುವುದನ್ನೇ ಕಲಿಯದು. ಕೋಳಿಯಕ್ಕ ಅದನ್ನು ಫಾರ್ಮಿನ ಅಂಚಿನಲ್ಲೇ ಇರುವ ತನ್ನ ಮನೆಗೊಯ್ದು ಸ್ವೆಟರಿನೊಳಗೆ ಇಟ್ಟುಕೊಂಡಳು. ಬೆರಳಿನಿಂದ ತಟ್ಟೆ ಕುಟ್ಟಿ ಕುಟ್ಟಿ ಕಾಳು ತೋರಿಸಿದಳು. ಮರಿ ನೆರಳಿನಂತೆ ಹಿಂದೆ ಬಿತ್ತು. ಬಚ್ಚಲಿನ ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಅಳುತ್ತಿತ್ತಂತೆ. ನಡುಮನೆಯಲ್ಲಿ ಎದೆ ಸೆಟೆಸಿ, ಉಪಚಾರಕ್ಕೆ ಕಾದವನಂತೆ ನಿಲ್ಲುತ್ತಿದ್ದುದರಿಂದ ಅಳಿಯ ಎಂಬ ಹೆಸರು ಬಿತ್ತು. ಇರುವ ಇಬ್ಬರೂ ಗಂಡುಮಕ್ಕಳೇ, ಆದರೂ ಮನೆಗೆ ಅಳಿಯ ಬಂದುಬಿಟ್ಟ ಎಂದು ಗಂಡ ಕುಹಕವಾಡಿದ.

ಆ ಕುಹಕ ಬಹಳ ದಿನ ನಡೆಯಲಿಲ್ಲ. ಪ್ರಾಯಕ್ಕೆ ಬಂದ ಅಳಿಯ ಕೋಳಿಯಕ್ಕನ ಮುಂದೆ ಬಾಲ ಬಿಚ್ಚಿ ಕುಣಿಯತೊಡಗಿದ. ಗಂಡನನ್ನು ಕಂಡರೆ ಎಗರಿ ಒದೆಯತೊಡಗಿದ. ಮೇವಿನ ವ್ಯಾನು ಓಡಿಸುವ ಆತ ಸ್ವಂತ ಅಡುಗೆಮನೆಗೆ ಕೊಡೆ ಬಿಚ್ಚಿ ಹಿಡಿದು ಹೋಗಬೇಕಾಯಿತು. "ನನಗೇ ಸವತಿ ತಂದಿಟ್ಟಿದಾಳೆ ಮಹಾತಾಯಿ," ಎಂದು ಈಗ ನಗುತ್ತಾನೆ. ಆಗ ನಕ್ಕಿರಲಿಲ್ಲ.

ಕೋಲಿನಿಂದ ನಾಲ್ಕು ಬಾರಿಸು ಎಂದವರೇ ಹೆಚ್ಚು. ಹೊಡೆದರೆ ಹುರುಪು ಏರುತ್ತದೆ, ಎದುರಾಳಿ ಕಣಕ್ಕಿಳಿದ ಎಂದುಕೊಳ್ಳುತ್ತದೆ ಎಂಬುದು ಕೋಳಿಯಕ್ಕನ ಅನುಭವ. "ಅವನಿಗೆ ನಮ್ಮ ಮೇಲೆ ದ್ವೇಷ ಏನಿಲ್ಲ. ನಮ್ಮನ್ನೂ ಟರ್ಕಿ ಅಂತಾನೇ ತಿಳ್ಕೊಂಡಿದಾನೆ. ತಿಳ್ಕೊಳ್ಳೋ ಹಾಗೆ ಮಾಡಿದ್ದು ನಾನೇ ತಾನೆ."

ಒಂದು ದಿನ ಫಾರ್ಮಿಗೆ ಬಂದ ವ್ಯಾಪಾರಿಯೊಬ್ಬರಿಗೆ ಅಳಿಯ ಎಗರಿ ಒದ್ದು, ಅವರ ಹುಬ್ಬಿಗೆ ಹೊಲಿಗೆ ಬಿತ್ತು. ತಿಂಗಳೊಳಗೆ ಸರಿಹೋಗದಿದ್ದರೆ ಕಸಾಯಿಯವನ ಗಾಡಿಗೆ ಹತ್ತಿಸುವುದೇ ಸೈ ಎಂದರು ಮಾಲೀಕರು. ಆಕೆ ಅಳಿಯನನ್ನು ಮನೆಯಿಂದ ಹಿಂದಿನ ಅಂಗಳಕ್ಕೆ ಸಾಗಿಸಿ, ನಾಲ್ಕು ಹೆಣ್ಣು ಟರ್ಕಿಗಳನ್ನು ಜೊತೆಗೆ ಬಿಟ್ಟಳು. ಕೈತುತ್ತು ನಿಂತಿತು, ಮಾತು ನಿಂತಿತು. ತನ್ನ ಸೀರೆಯ ಗುರುತು ಸಿಗದಿರಲೆಂದು ಗಂಡನ ಕೋಟು ಬಂತು. ಮೈಮೇಲೆ ಬಂದರೆ ಬೆನ್ನ ಮೇಲೆ ಎರಡೂ ಅಂಗೈ ಊರಿ, ತಲೆ ತಗ್ಗುವವರೆಗೆ ನೆಲಕ್ಕೆ ಒತ್ತಿ ಹಿಡಿದು, ಬಿಟ್ಟು, ತಿರುಗಿ ನೋಡದೆ ನಡೆದುಬಿಡುವುದು.

"ಒತ್ತಿ ಹಿಡಿದಾಗ ಪುಕ್ಕದ ಒಳಗೆ ಬಿಸಿ ತಾಗುತ್ತೆ," ಎನ್ನುತ್ತಾಳೆ. "ಮರಿಯಾಗಿದ್ದಾಗ್ಲೂ ಅಷ್ಟೇ ಬಿಸಿ ಇದ್ದ."

ಮೊದಲ ದಿನಗಳಲ್ಲಿ ಆಕೆಯ ನಡಿಗೆಯ ಸದ್ದಿಗೇ ಅಳಿಯ ಕೂಗುತ್ತಿದ್ದ. ಮನೆಗೆ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಹುಲ್ಲಿನ ಮೇಲೆ ನಡೆಯುತ್ತಿದ್ದಳು. ಕೂಗು ಅಡುಗೆಮನೆಗೂ ಕೇಳಿಸುತ್ತಿತ್ತು. ಕೊಡೆ ಹಿಡಿದು ಬಾಳಿದ ಗಂಡನೇ ಒಂದು ಸಂಜೆ ತಡೆಯಲಾರದೆ, "ಒಂದ್ಸಲ ಮಾತಾಡ್ಸಿ ಬಾರೇ, ಪಾಪ," ಎಂದ. ಆಕೆ ಎದ್ದು ಕಿಟಕಿ ಮುಚ್ಚಿದಳಂತೆ. ಅಂದು ಪಾತ್ರೆಗಳನ್ನೆಲ್ಲ ಎರಡೆರಡು ಸಲ ಬೆಳಗಿದಳು ಎಂದು ಗಂಡ ಸೇರಿಸುತ್ತಾನೆ. ಕೂಗು ಕಡಿಮೆಯಾಗುತ್ತ ಬಂತು. ಆಮೇಲೆ ನಿಂತೇಹೋಯಿತು.

ಮಾಲೀಕರು ಕೊಟ್ಟ ಗಡುವು ಮುಗಿಯುವ ದಿನ ಬರುತ್ತದೆ. ಬಿಸಿಲೇರುವ ಹೊತ್ತಿಗೆ ಮಾಲೀಕರು ಬಂದು, ಹಲಗೆ ಬೇಡವೆಂದು, ಬರಿಗೈಯಲ್ಲಿ ಅಂಗಳ ದಾಟುತ್ತಾರೆ. ಅಳಿಯ ಬಾಲ ಬಿಚ್ಚುತ್ತಾನೆ. ಬೇಲಿಯಾಚೆ ಕೋಳಿಯಕ್ಕನ ಕೈ ಹಲಗೆಯ ಮೇಲೆ ಬಿಗಿಯುತ್ತದೆ. ಆದರೆ ಬಾಲ ಬಿಚ್ಚಿದ್ದು ಮೂಲೆಯಲ್ಲಿ ಮಣ್ಣು ಕೆದರುತ್ತಿರುವ ಹೆಣ್ಣೊಂದರ ಎದುರು. ಮಾಲೀಕರು ಹಾದುಹೋಗುತ್ತಾರೆ, ಅವನಿಗೆ ಅವರು ಕಂಬಕ್ಕೆ ಸಮ. ಇರಲಿ ಬಿಡಿ ಎಂದು ಹೇಳಿ ಅವರು ಹೊರಡುತ್ತಾರೆ. ಕೋಳಿಯಕ್ಕ ಒಳಗೆ ಹೋಗಿ ನೀರಿನ ತೊಟ್ಟಿ ತುಂಬಿಸಿ ಬರುತ್ತಾಳೆ. ಅವಳತ್ತಲೂ ಅವನು ನೋಡುವುದಿಲ್ಲ.

ಇನ್ನೇನು ಬೇಕು ಎಂದು ಕೇಳಿದರೆ ಕೋಟಿನ ಗುಂಡಿ ಬಿಚ್ಚುತ್ತಾ ಹೇಳುತ್ತಾಳೆ. "ಇನ್ನೊಂದು ವರ್ಷ ಹೋಗ್ಲಿ. ಪೂರ್ತಿ ಅವರವರಲ್ಲೇ ಹೊಂದ್ಕೊಂಡ ಮೇಲೆ, ಒಂದಿನ ಬೇಲಿ ಆಚೆ ನಿಂತು ಮೆಲ್ಲಗೆ ಅಳಿಯಾ ಅಂತ ಕರೆದು ನೋಡ್ಬೇಕು."

ತಿರುಗಿ ನೋಡಿಬಿಟ್ಟರೆ?

"ನೋಡ್ಲಿ," ಎನ್ನುತ್ತಾಳೆ. "ಬರೋದು ಬೇಡ."