ಸಿಮ್ ಡಬ್ಬಿಯ ವೈರು

ಚನ್ನಗಿರಿಯ ಅಡಿಕೆ ಟೆಂಡರನ್ನು ಒಂದು ಮಧ್ಯಾಹ್ನ ಉಳಿಸಿಕೊಟ್ಟವನು ನಾನೇ. ಸುಳ್ಳೇಕೆ, ಕೆಡಿಸಿದವನೂ ನಾನೇ.

ಅಲ್ಲಿನ ಮಂಡಿಯ ಇಂಟರ್ನೆಟ್ ನೋಡಿಕೊಳ್ಳುವವನು ನಾನು; ಅದರ ರೂಟರಿಗೆ ಒಂದು ಸಿಮ್ ಡಬ್ಬಿ ಜೋಡಿಸಿದ್ದೆ. ಇಂಟರ್ನೆಟ್ ಬರುವ ದೊಡ್ಡ ಲೈನು ಸತ್ತರೂ ಮೊಬೈಲ್ ಸಿಗ್ನಲ್ ಹಿಡಿದು, ಹಿಂಬಾಗಿಲಿನಿಂದ ರೂಟರಿನೊಳಗೆ ಹೋಗಿ ರಿಪೇರಿ ಮಾಡಲಿಕ್ಕೆ. ಅವತ್ತು ಸವಳಂಗದ ಹೋಟೆಲಿನಲ್ಲಿ ಕೂತು, ಲ್ಯಾಪ್‌ಟಾಪಿನಿಂದಲೇ ಆ ರೂಟರಿನ ಸೆಟ್ಟಿಂಗ್ ಬದಲಿಸಲು ಹೋಗಿ ದೊಡ್ಡ ಲೈನನ್ನೇ ಕಡಿದುಬಿಟ್ಟೆ. ಸೇವ್ ಬೇರೆ ಮಾಡಿದ್ದೆ, ಆಫ್ ಮಾಡಿ ಆನ್ ಮಾಡಿದರೂ ಸರಿಹೋಗದಂತೆ. ನಗುತ್ತಲೇ ಹಿಂಬಾಗಿಲು ತಟ್ಟಿದೆ. ಅದೂ ಸತ್ತಿತ್ತು!

ಟೆಂಡರ್ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಿತ್ತು. ವರ್ತಕರ ರೇಟು ಆನ್‌ಲೈನಿನಲ್ಲಿ ಒಳಗೆ ಹೋಗದಿದ್ದರೆ ಅಂದಿನ ವ್ಯಾಪಾರವೇ ರದ್ದು, ನಲ್ಲೂರಿಂದ ಬಂದ ಮೂಟೆಗಳೆಲ್ಲ ವಾಪಸ್ಸು. ಮಂಡಿಯ ಗುಮಾಸ್ತ ರುದ್ರೇಶಣ್ಣನಿಗೆ ಫೋನ್ ಮಾಡಿದೆ.

"ಅಣ್ಣಾ, ಸಿಮ್ ಡಬ್ಬಿ ಹೆಂಗೈತೆ?"

"ಸೂಪರ್ ಐತ್ರೀ! ಸಿಗ್ನಲ್ ಸಾಲದೆ ಒದ್ದಾಡ್ತಿತ್ತು ಪಾಪ. ಸಿಮ್ ತೆಗೆದಿಟ್ಟು, ವೈರು ಹಾಕಿ ನಮ್ಮ ದೊಡ್ಡ ಲೈನಿಗೇ ಸಿಗ್ಸಿದೀನಿ."

ಮುಳುಗುವವನನ್ನು ಎತ್ತಲು ಇಟ್ಟ ಹಗ್ಗದ ಎರಡೂ ತುದಿಯನ್ನು ಪುಣ್ಯಾತ್ಮ ಮುಳುಗುವವನ ಸೊಂಟಕ್ಕೇ ಕಟ್ಟಿದ್ದ.

"ವೈರು ಕೀಳ್ರೀ! ಸಿಮ್ ಹಾಕಿ ಡಬ್ಬೀನ ಕಿಟಕಿಗೆ ಹಿಡೀರಿ!"

"ಎಲ್ಲಾ ನನ್ನೇ ನೋಡಾಕತ್ತಾರಲ್ರೀ..."

"ನೋಡ್ಲಿ, ಹಿಡೀರಿ!"

ಮಂಗಳಾರತಿ ಎತ್ತಿದಂತೆ ಹಿಡಿದು ನಿಂತಿರಬೇಕು. ಹಿಂಬಾಗಿಲು ತೆರೆಯಿತು. ನಾನು ಬದಲಿಸಿದ್ದ ಸೆಟ್ಟಿಂಗನ್ನೆಲ್ಲ ಅಳಿಸಿದೆ, ದೊಡ್ಡ ಲೈನು ಮತ್ತೆ ಬಂತು. ರೇಟುಗಳು ಗಡುವಿಗೆ ಮೊದಲೇ ಒಳಗೆ ಹೋದವು.

"ಲೈನು ಯಾಕೆ ಹೋಗಿತ್ರೀ?" ಅಂದ.

"ನಿಮ್ಮ ವೈರಿಂದಲೇ," ಅಂದೆ.

"ಅಯ್ಯೋ, ಯಾರಿಗೂ ಹೇಳಬ್ಯಾಡ್ರೀ!"

ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡೆ. ಅಂದಿನಿಂದ ಮಂಡಿಗೆ ಹೋದಾಗೆಲ್ಲ ರುದ್ರೇಶಣ್ಣನೇ ನನಗೆ ಚಹಾ ಕುಡಿಸುತ್ತಾನೆ. ಇವತ್ತು ಅವನು ಜೊತೆಗಿಲ್ಲ, ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.