ಅತ್ತೆಯ ಅಂಗೈಯ ಗೊರಟ

ಸ್ಫೂರ್ತಿ, ವಿನಾಯಕ, ನಿನ್ನೆ ನೀವು ನಾಯಿಮರಿಗೆ ಬೀಜ ತೆಗೆಯದೆಯೇ ಸೀತಾಫಲ ತಿನ್ನಿಸುವುದನ್ನು ಕಂಡೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅತ್ತೆ ನೀಲವ್ವ, ಅಂದರೆ ನಿಮ್ಮಪ್ಪನ ಅಜ್ಜಿ, ನಾಯಿಗೆ ಹಣ್ಣು ಹಾಕುವ ರೀತಿಯೇ ಬೇರೆ ಇತ್ತು. ಸಿಪ್ಪೆ ಸುಲಿದು, ಬೀಜಗಳನ್ನೆಲ್ಲ ಎಡ ಅಂಗೈಗೆ ತೆಗೆದುಕೊಂಡು, ತಿರುಳನ್ನಷ್ಟೇ ಹಾಕುತ್ತಿದ್ದರು. ಆಮೇಲೆ ಆ ಅಂಗೈಯನ್ನು ನನ್ನ ಮುಂದೆ ಹಿಡಿದು, "ನೋಡವ್ವಾ, ಎಲ್ಲಾ ಇಲ್ಲೇ ಅದಾವಲ್ಲ?" ಎನ್ನುತ್ತಿದ್ದರು. ನಾನು "ಹೌದ್ರಿ ಅತ್ತಿ" ಎನ್ನುವವರೆಗೆ ಕೈ ಮುಚ್ಚುತ್ತಿರಲಿಲ್ಲ. "ಮೊಮ್ಮಗಗೂ ಇಷ್ಟು ಮಾಡೂದಿಲ್ಲ ಈಕಿ" ಎಂದು ಓಣಿಯವರು ನಗುತ್ತಿದ್ದರು.

ಮೊದಲಿನಿಂದ ಅವರು ಹಾಗಿರಲಿಲ್ಲ. ಅಂಜಿಕೆಯಂತೂ ಮೊದಲಿನಿಂದಲೂ ಇತ್ತು. ಗುಡುಗಿದರೆ ಅಡುಗೆಮನೆ ಸೇರುವರು. ಹುಬ್ಬಳ್ಳಿ ಬಸ್ಸಿನ ಹಾರ್ನ್ ಕೇಳಿದರೆ ನನ್ನ ಸೆರಗು ಹಿಡಿಯುವರು.

ಎಂಬತ್ತರ ದಶಕದ ಒಂದು ಬೇಸಿಗೆ. ಯರಗುಪ್ಪಿಯ ನಮ್ಮ ಮನೆಗೆ ಕಲಘಟಗಿಯ ನನ್ನ ತವರಿನಿಂದ ಜವಾರಿ ಮಾವಿನಹಣ್ಣು ಬಂದಿದ್ದವು. ಮಧ್ಯಾಹ್ನ ನಮ್ಮ ನಾಯಿ ಕರಿಯಾ ಬಾಯಿ ತೆರೆದುಕೊಂಡೇ ಅಂಗಳದಲ್ಲಿ ತಿರುಗತೊಡಗಿತು. ಜೊಲ್ಲು ಸೋರುತ್ತಿತ್ತು. ಪುಟ್ಟವನಾಗಿದ್ದ ನಿಮ್ಮಪ್ಪ ಅದರ ಮುಖ ಮುಟ್ಟಲು ಹೋದ. ಅದು ತಲೆ ಕೊಡವಿದಾಗ ಹಲ್ಲು ತಾಗಿ ಕೈಯಿಂದ ರಕ್ತ ಬಂತು. ಹಿಂದಿನ ವರ್ಷವಷ್ಟೇ ಹುಚ್ಚುನಾಯಿ ಕಚ್ಚಿದ ನಮ್ಮ ಓಣಿಯವನೊಬ್ಬ ನೀರು ಕಂಡರೆ ಚೀರುತ್ತ ಸತ್ತಿದ್ದ. ಆ ಚೀರಾಟ ನಮ್ಮ ಗೋಡೆ ದಾಟಿ ಕೇಳುತ್ತಿತ್ತು. ನಾನು ಮಗುವಿನ ಕೈಗೆ ಸಾಬೂನು ಹಚ್ಚಿ ತೊಳೆಯುತ್ತಲೇ ಇದ್ದೆ, ನಿಲ್ಲಿಸಲು ಭಯ.

ಬಾಜು ಮನೆಯ ಕಲ್ಲಪ್ಪ ಬಡಿಗೆ ಹಿಡಿದು ಬಂದ. "ಕಾಕಿ, ಬಾಜೂಕ ಸರೀರಿ. ಇದಕ್ಕ ಹುಚ್ಚ ಹಿಡದೈತಿ."

"ನಿಂದರೋ ಕಲ್ಲ್ಯಾ," ಎಂದರು ಅತ್ತೆ. "ಮುಂಜಾನೆ ನಾನ ಇದಕ್ಕ ಮಾವಿನ ಗೊರಟ ಒಗದೀನಿ. ಬಾಯಾಗ ಸಿಕ್ಕೊಂಡಿರಬೇಕು."

"ಸಿಕ್ಕೊಂಡಿರಲಿಲ್ಲಂದ್ರ?"

"ಇರಲಿಲ್ಲಂದ್ರ ನಿನ್ನ ಬಡಿಗಿ ಐತಲ್ಲ. ನಾಯಿ ಆದಮ್ಯಾಲೆ ನನಗೂ ಎರಡ ಹಾಕು."

ಕಲ್ಲಪ್ಪ ಬಡಿಗೆಯಿಂದ ನಾಯಿಯ ಕತ್ತು ಒತ್ತಿಹಿಡಿದ. ಅತ್ತೆ ಕೈಗೆ ಗೋಣಿಚೀಲ ಸುತ್ತಿಕೊಂಡು ಸಾರಿನ ಸವಟಿನ ಹಿಡಿಕೆಯನ್ನು ಅದರ ಬಾಯೊಳಗೆ ತೂರಿಸಿದರು. ನಾನು ಮಗುವನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದೆ. ನೀವು ಎಂದೂ ಹಾಗೆ ಕೈಹಾಕಬೇಡಿ.

ಮೇಲಿನ ಹಲ್ಲುಗಳ ನಡುವೆ ಅಡ್ಡ ಸಿಕ್ಕಿದ್ದ ಗೊರಟ ಕಳಚಿ ನೆಲಕ್ಕೆ ಬಿತ್ತು. ಆದರೂ ಕಲ್ಲಪ್ಪ ಬಡಿಗೆ ಕೆಳಗಿಡಲಿಲ್ಲ. "ನೀರ ಇಟ್ಟ ನೋಡ್ರಿ," ಎಂದ.

ಅತ್ತೆ ನೀರಿಟ್ಟರು. ಕರಿಯಾ ಸುಮ್ಮನೆ ಅದನ್ನು ನೋಡುತ್ತ ನಿಂತಿತು. ನಾನು ಮಗುವಿನ ಮುಖವನ್ನು ಎದೆಗೆ ಒತ್ತಿಕೊಂಡೆ. ಕೊನೆಗೆ ಲೊಚಲೊಚನೆ ಕುಡಿಯುವ ಸದ್ದು ಬಂತು. ಅತ್ತೆ ಮಣ್ಣಿನಲ್ಲಿ ಬಿದ್ದಿದ್ದ ಗೊರಟವನ್ನು ಎಡ ಅಂಗೈಗೆ ತೆಗೆದುಕೊಂಡರು.

"ಭಾಳ ಧೈರ್ಯ ಬಿಡ್ರಿ ಕಾಕಿ ನಿಮಗ."

"ಧೈರ್ಯ ಎಲ್ಲಿದೋ? ಗೊರಟ ಒಗದಾಕಿ ನಾನು. ಈ ಕೂಸಿನ ಮಾರಿ ಹೆಂಗ ನೋಡ್ಲಿ?"

ಮಗುವನ್ನು ದವಾಖಾನೆಗೆ ಒಯ್ದು ಸೂಜಿ ಹಾಕಿಸಿದೆವು. ನಾಯಿಯ ಮೇಲೆ ಕಣ್ಣಿಡಿ ಎಂದರು ಡಾಕ್ಟರು. ಅಲ್ಲಿಂದ ದಿನಾ ಬೆಳಿಗ್ಗೆ ಅತ್ತೆ ನೀರಿಡುವರು, ಕರಿಯಾ ಕುಡಿಯುವವರೆಗೆ ನಾನು ನಿಂತು ನೋಡುವೆ. ಕರಿಯಾ ಆಮೇಲೂ ಬಹಳ ವರ್ಷ ಬದುಕಿತು. ಅಂಗೈ ತೋರಿಸುವ ರೂಢಿ ಶುರುವಾದದ್ದು ಆಗಲೇ. ಸೀತಾಫಲದ ಬೀಜದ ಹಾಗೆ ದ್ರಾಕ್ಷಿಯೂ ನಾಯಿಗೆ ವಿಷವೆಂದು ಈಗ ನಿಮ್ಮಪ್ಪ ಹೇಳುತ್ತಾನೆ. ಅತ್ತೆಗೆ ಅದು ಗೊತ್ತಿದ್ದರೆ ದ್ರಾಕ್ಷಿ ಮಾರುವವನನ್ನು ಓಣಿಗೇ ಬಿಡುತ್ತಿರಲಿಲ್ಲ.

ಅವರು ಹಾಸಿಗೆ ಹಿಡಿದಾಗಲೂ ಮಾವಿನ ಕಾಲವೇ. ಮಾತು ನಿಂತಿತ್ತು. ಹಣ್ಣು ಹಿಸುಕಿ ರಸವನ್ನು ನಾಲಗೆಗೆ ಹಚ್ಚಿದೆ. ನುಂಗಿದರು. ಆಮೇಲೆ ಎಡ ಅಂಗೈ ಬಿಡಿಸಿ ನನ್ನತ್ತ ಚಾಚಿದರು. ಏನು ಬೇಕೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಗೊರಟವನ್ನು ತೊಳೆದು ಅಲ್ಲಿಟ್ಟೆ.

"ಇಲ್ಲೇ ಐತ್ರಿ ಅತ್ತಿ," ಎಂದೆ.

ಆಗ ಕೈ ಮುಚ್ಚಿದರು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಮೇಲಿನ ಗೂಡಿನಲ್ಲಿಡಿ, ನಿಮ್ಮ ಮರಿಯ ಬಾಯಿಗೆ ಎಟುಕದ ಹಾಗೆ.